ದೂರ ಕಡಿಮೆಯಾಗಿದೆ ಎನ್ನುವವರಿಗೆ

‘ಈಗ ದೂರ ಎಲ್ಲಿದೆ?’ ಎಂಬ ಮಾತನ್ನು ಮೊದಲು ಯಾರು ಆಡಿದರೋ ಕಾಣೆ. ಆಡುವವರನ್ನು ಮಾತ್ರ ನಾನು ಬಹಳ ದಿನದಿಂದ ಗಮನಿಸುತ್ತಿದ್ದೇನೆ. ಅವರು ಒಂದೋ ಹೊರಡುವವರು, ಇಲ್ಲವೆ ಹೊರಡಿಸುವವರು. ಮಗ ಆಡುತ್ತಾನೆ, ಅಳಿಯ ಆಡುತ್ತಾನೆ, ಟಿಕೆಟ್ ಮಾಡಿಸಿಕೊಡುವವನು ಆಡುತ್ತಾನೆ, ಹೆಣ್ಣು ನೋಡಲು ಬಂದ ಬೀಗರು ಆಡುತ್ತಾರೆ. ಮನೆಯಲ್ಲಿ ಉಳಿದವಳು, ರಾತ್ರಿ ಬಾಗಿಲಿಗೆ ಅಗುಳಿ ಹಾಕಿ ಒಬ್ಬಳೇ ಮಲಗುವವಳು, ಈ ಮಾತು ಆಡಿದ್ದನ್ನು ನಾನು ಇದುವರೆಗೆ ಕೇಳಿಲ್ಲ. ‘ಒಂದು ನಿದ್ದೆ ಮಾಡಿ ಎದ್ದರೆ ಅಮೆರಿಕ’ ಎನ್ನುತ್ತಾರೆ. ಯಾರ ನಿದ್ದೆ ಎಂದು ಯಾರೂ ಹೇಳುವುದಿಲ್ಲ. ಈ ಮಾತಿನ ಮೇಲೆ ನನಗೆ ಜಗಳವಿದೆ. ಅದನ್ನು ಇವತ್ತು ಆಡಿಯೇ ಬಿಡುತ್ತೇನೆ.

ನಮ್ಮದು ಮದ್ದೂರು. ಹೆಸರು ಕೇಳಿದೊಡನೆ ವಡೆ ನೆನಪಾದರೆ ಅದು ಮಂಡ್ಯ ಜಿಲ್ಲೆಯ ಮದ್ದೂರು. ನಮ್ಮದು ಚಾಮರಾಜನಗರ ಜಿಲ್ಲೆ, ಗುಂಡ್ಲುಪೇಟೆ ತಾಲ್ಲೂಕು. ಕೇರಳಕ್ಕೆ ಹೋಗುವ ಹೆದ್ದಾರಿಯಲ್ಲಿ ಬಂಡೀಪುರದ ಕಾಡು ಶುರುವಾಗುವ ಅಂಚು. ಆ ಮದ್ದೂರಿನಲ್ಲಿ ಬಸ್ಸಿನೊಳಕ್ಕೆ ವಡೆ ಬರುತ್ತದೆ, ನಮ್ಮ ಮದ್ದೂರಿನಲ್ಲಿ ಹೊಲದೊಳಕ್ಕೆ ಆನೆ ಬರುತ್ತದೆ. ನಾನು ಬಿ.ಎ., ಬಿ.ಎಡ್. ಮಾಡಿ ಇಪ್ಪತ್ತೆಂಟು ವರ್ಷದಿಂದ ಮಕ್ಕಳಿಗೆ ಸಮಾಜ ಪಾಠ ಹೇಳುತ್ತಿರುವವಳು. ದೂರ, ದಿಕ್ಕು, ಅಕ್ಷಾಂಶ, ರೇಖಾಂಶ ನನ್ನ ಹೊಟ್ಟೆಪಾಡು. ಆದ್ದರಿಂದ ದೂರದ ವಿಷಯದಲ್ಲಿ ಯಾರಾದರೂ ಸುಳ್ಳು ಹೇಳಿದರೆ ಸುಮ್ಮನಿರುವುದು ನನ್ನಿಂದಾಗದು.

ಮೊದಲು ಲೆಕ್ಕಕ್ಕೇ ಬರೋಣ. 2021ರ ಜನವರಿಯಲ್ಲಿ ಏರ್ ಇಂಡಿಯಾದವರು ಸ್ಯಾನ್ ಫ್ರಾನ್ಸಿಸ್ಕೋಗೂ ಬೆಂಗಳೂರಿಗೂ ನಡುವೆ ಎಲ್ಲೂ ಇಳಿಯದ ವಿಮಾನವನ್ನು ಆರಂಭಿಸಿದರು. ಎರಡು ಊರುಗಳ ನೇರ ದೂರ 13,993 ಕಿಲೋಮೀಟರ್ ಎಂದು ಪತ್ರಿಕೆಗಳಲ್ಲಿ ಬಂತು. ಭೂಮಿಯ ಸುತ್ತಳತೆಯೇ 40,000 ಕಿಲೋಮೀಟರ್. ಅಂದರೆ ಭೂಮಿಯ ಮೇಲೆ ಎರಡು ಜಾಗಗಳು ಎಷ್ಟೇ ದೂರವಿದ್ದರೂ 20,000 ದಾಟುವಂತಿಲ್ಲ. 13,993 ಎಂದರೆ ಅದರಲ್ಲಿ ಮುಕ್ಕಾಲಿಗೆ ಸ್ವಲ್ಪವೇ ಕಡಿಮೆ. 2020ರಲ್ಲಿ ಶುರುವಾದ ಸಿಂಗಪುರ–ನ್ಯೂಯಾರ್ಕ್ ವಿಮಾನದ ದಾರಿ 15,300 ಕಿಲೋಮೀಟರಿಗೂ ಹೆಚ್ಚು. ನಮ್ಮ ಬೆಂಗಳೂರಿನದು ಅದಕ್ಕಿಂತ ಬಹಳ ಹಿಂದೇನೂ ಇಲ್ಲ. ಇದನ್ನು ‘ಹತ್ತಿರ’ ಎನ್ನುವುದಾದರೆ ‘ದೂರ’ ಎಂಬ ಪದವನ್ನು ನಿಘಂಟಿನಿಂದ ತೆಗೆದುಹಾಕಬೇಕಾಗುತ್ತದೆ.

ಶಾಲೆಯ ಗೋಡೆಯ ಮೇಲಿನ ಭೂಪಟ ನೋಡಿದವರಿಗೆ ಈ ದಾರಿ ಅರ್ಥವಾಗುವುದಿಲ್ಲ. ಭೂಪಟದಲ್ಲಿ ಅಮೆರಿಕ ಎಡತುದಿಯಲ್ಲಿದೆ, ನಾವು ಬಲಗಡೆ ಇದ್ದೇವೆ. ವಿಮಾನ ಅರಬ್ಬೀ ಸಮುದ್ರ ದಾಟಿ, ಆಫ್ರಿಕ ದಾಟಿ, ಅಟ್ಲಾಂಟಿಕ್ ದಾಟಿ ಹೋಗುತ್ತದೆಂದು ಮಕ್ಕಳು ತಿಳಿಯುತ್ತಾರೆ. ನಾನು ಕಾಲು ಮುರಿದ ನಮ್ಮ ಹಳೇ ಗೋಳವನ್ನು ಮೇಜಿನ ಮೇಲಿಟ್ಟು, ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲೂ ಹಿಡಿದು ಬಿಗಿಯಾಗಿ ಎಳೆಯಿರಿ ಎನ್ನುತ್ತೇನೆ. ‘ಮಿಸ್, ದಾರ ಮೇಲಕ್ಕೆ ಓಯ್ತದೆ!’ ಎಂದು ಮಕ್ಕಳು ಕೂಗುತ್ತವೆ. ಹೌದು, ಬಿಗಿ ಹಿಡಿದ ದಾರ ಟಿಬೆಟ್, ಚೀನಾ, ಸೈಬೀರಿಯಾ ಹಾಯ್ದು, ಹಿಮದ ಸಮುದ್ರದ ಅಂಚಿನಲ್ಲಿ ಸುಮಾರು 71 ಡಿಗ್ರಿ ಉತ್ತರಕ್ಕೆ ಏರಿ, ಅಲಾಸ್ಕಾದ ಕಡೆಯಿಂದ ಕೆಳಗಿಳಿಯುತ್ತದೆ. ಉಂಡೆಯಂಥ ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಅದೇ. ನಮ್ಮ ರಾಗಿಯ ನಾಡಿನಿಂದ ಹೊರಟವರು ಹಿಮದ ನಾಡಿನ ನೆತ್ತಿ ಸವರಿಕೊಂಡು ಹೋಗಬೇಕು.

ಆದರೆ ವಿಮಾನ ಆ ದಾರದ ಮೇಲೆ ಹಾರುವುದಿಲ್ಲ. ಇದು ಎರಡನೆಯ ಪಾಠ. ಟಿಬೆಟ್ಟಿನ ಪ್ರಸ್ಥಭೂಮಿ ತುಂಬ ಎತ್ತರ. ವಿಮಾನದೊಳಗಿನ ಗಾಳಿಯ ಒತ್ತಡ ತಪ್ಪಿದರೆ ಉಸಿರಾಡಬಹುದಾದ ಎತ್ತರಕ್ಕೆ ತಕ್ಷಣ ಇಳಿಯಬೇಕು. ಅಲ್ಲಿ ಇಳಿಯಲು ಕೆಳಗೆ ಜಾಗವಿಲ್ಲದೆ ಬೆಟ್ಟವೇ ಎದುರಾಗುತ್ತದೆ. ಆದ್ದರಿಂದ ಸಾಮಾನ್ಯವಾಗಿ ಅದನ್ನು ಬಳಸಿ ಹೋಗುತ್ತಾರೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲುಗಾಳಿಯನ್ನು ಹೋಗುವಾಗ ಬೆನ್ನಿಗೆ ಹಾಕಿಕೊಳ್ಳಬೇಕು, ಬರುವಾಗ ತಪ್ಪಿಸಬೇಕು. ಎಂಜಿನ್ ಕೆಟ್ಟರೆ ಇಷ್ಟು ಹೊತ್ತಿನೊಳಗೆ ಮುಟ್ಟಬಹುದಾದ ನಿಲ್ದಾಣವೊಂದು ದಾರಿಯುದ್ದಕ್ಕೂ ಕೈಗೆಟುಕುವಂತಿರಬೇಕು. ಧ್ರುವದ ಹತ್ತಿರ ಕಾಂತದ ದಿಕ್ಸೂಚಿಯನ್ನು ನಂಬುವಂತಿಲ್ಲ, ಇಂಧನ ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಸೇರಿ ಆ ಮೊದಲ ವಿಮಾನ ಉತ್ತರಧ್ರುವದ ಮೇಲಿಂದ ಹಾರಿ ಬೆಂಗಳೂರು ಮುಟ್ಟುವಾಗ ಕ್ರಮಿಸಿದ್ದು ಸುಮಾರು 16,000 ಕಿಲೋಮೀಟರ್ ಎಂದು ವರದಿಯಾಯಿತು. ಕಾಗದದ ಮೇಲೆ 13,993, ಆಕಾಶದಲ್ಲಿ 16,000. ನಡುವಿನ ಎರಡು ಸಾವಿರ ಕಿಲೋಮೀಟರ್ ‘ಒಂದು ನಿದ್ದೆ’ ಎನ್ನುವವರ ಬಾಯಲ್ಲಿ ಎಲ್ಲಿ ಹೋಯಿತು?

ಮೂರನೆಯ ಪಾಠವನ್ನು ನಮ್ಮೂರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹಗಲಿನಲ್ಲಿ ಎರಡು ಗಂಟೆಯೂ ಆಗದ ದಾರಿ. 2009ರಿಂದ ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಓಡಾಡುವಂತಿಲ್ಲ. ನಮ್ಮ ಮದ್ದೂರಿನ ಗೇಟು ಬಿತ್ತೆಂದರೆ ಮುಗಿಯಿತು. ಬೆರಳೆಣಿಕೆಯ ಬಸ್ಸು, ಆಂಬುಲೆನ್ಸ್ ಬಿಟ್ಟರೆ ಉಳಿದವರು ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಬಳಸಿ ಹೋಗಬೇಕು. ಇಲ್ಲವೆ ಬೆಳಗಿನವರೆಗೆ ಕಾಯಬೇಕು. ಅದರ ಬಗ್ಗೆ ನನಗೆ ತಕರಾರಿಲ್ಲ, ಆನೆ ಹುಲಿಗಳಿಗೂ ಒಂದು ರಾತ್ರಿ ಬೇಕು. ನಾನು ಹೇಳುವುದಿಷ್ಟೆ: ರಾತ್ರಿ 8-55ಕ್ಕೂ 9-05ಕ್ಕೂ ನಡುವೆ ಬತ್ತೇರಿ ಒಂದಿಂಚೂ ಆಚೆ ಸರಿದಿರುವುದಿಲ್ಲ, ಆದರೂ ಅದು ದೂರದ ಊರಾಗಿಬಿಟ್ಟಿರುತ್ತದೆ. ದೂರವನ್ನು ಕಿಲೋಮೀಟರ್ ಅರ್ಧ ಮಾತ್ರ ಹೇಳುತ್ತದೆ. ಉಳಿದರ್ಧ ಹೇಳುವುದು ಗೇಟು.

ಆಕಾಶಕ್ಕೂ ಗೇಟುಗಳಿವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳೆಲ್ಲ ಸುತ್ತಿಬಳಸಿ ಹಾರಬೇಕಾಯಿತು. ನಡುವೆ ಇಂಧನಕ್ಕೆಂದು ಇಳಿಯಬೇಕಾಗಿ ಬಂದದ್ದೂ ಉಂಟು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನದ ಎಂಜಿನ್ನಿನಲ್ಲಿ ತೊಂದರೆ ಕಂಡು ರಷ್ಯದ ಪೂರ್ವದಂಚಿನ ಮಗದಾನ್ ಎಂಬ ಊರಿನಲ್ಲಿ ಇಳಿಸಿದರು. ಇನ್ನೂರಕ್ಕೂ ಹೆಚ್ಚು ಮಂದಿ ಪ್ರಯಾಣಿಕರು. ಕೆಲವರನ್ನು ಅಲ್ಲಿನ ಶಾಲೆಯೊಂದರಲ್ಲಿ ಮಲಗಿಸಿದರು. ಅವರನ್ನು ಕರೆದೊಯ್ಯಲು ಬೇರೆ ವಿಮಾನ ಬರುವಷ್ಟರಲ್ಲಿ ಎರಡು ದಿನ. ಯಾರ ತಪ್ಪೆಂದು ಹುಡುಕಲು ನಾನು ಇದನ್ನು ಹೇಳುತ್ತಿಲ್ಲ. ಎಂಜಿನ್ನಿಗೆ ತೊಂದರೆ ಕಂಡಾಗ ಇಳಿಸಿದ್ದೇ ಸರಿ. ಆದರೆ ಭಾಷೆ ತಿಳಿಯದ ನೆಲದಲ್ಲಿ, ಶಾಲೆಯ ನೆಲದ ಮೇಲೆ, ಔಷಧದ ಡಬ್ಬಿ ವಿಮಾನದ ಹೊಟ್ಟೆಯ ಸಾಮಾನಿನಲ್ಲಿ ಉಳಿದುಹೋದ ಮುದುಕಿಯೊಬ್ಬಳು ಅಂಥ ಕಡೆ ಇದ್ದರೆ ಅವಳಿಗೆ ಹೋಗಿ ಹೇಳಿ ನೋಡೋಣ, ಈಗ ದೂರ ಎಲ್ಲಿದೆ ಎಂದು.

ನನ್ನ ಮನೆಯ ಗೇಟು ಬಿದ್ದದ್ದು 2021ರ ಮೇ ತಿಂಗಳಿನಲ್ಲಿ. ನಮ್ಮತ್ತೆ ಆ ತಿಂಗಳು ತೀರಿಕೊಂಡರು. ನಾನು ಕೆಲಸಕ್ಕೆ ಹೋಗುತ್ತಿದ್ದ ದಿನಗಳಲ್ಲಿ ನನ್ನ ಮಗಳನ್ನು ಎತ್ತಿ ಆಡಿಸಿ, ಅನ್ನ ಕಲಸಿ ತಿನ್ನಿಸಿ, ಜಡೆ ಹಾಕಿ ಬೆಳೆಸಿದವರು ಅವರು. ಮಗಳು ಆಗ ಕ್ಯಾಲಿಫೋರ್ನಿಯಾದಲ್ಲಿದ್ದಳು. ಬೆಂಗಳೂರಿನಿಂದ ನೇರ ವಿಮಾನ ಆರಂಭವಾಗಿ ನಾಲ್ಕು ತಿಂಗಳಾಗಿತ್ತು, ನೆನಪಿಡಿ. ದೂರ ಹಿಂದೆಂದೂ ಇಲ್ಲದಷ್ಟು ಕಡಿಮೆಯಾಗಿತ್ತಲ್ಲವೆ? ಆದರೆ ಮೇ 4ರಿಂದ ಭಾರತದಿಂದ ಬರುವವರಿಗೆ ಅಮೆರಿಕ ಬಾಗಿಲು ಹಾಕಿತ್ತು. ಅಲ್ಲಿನ ಪೌರರು, ಗ್ರೀನ್ ಕಾರ್ಡಿನವರು ಮುಂತಾದ ಕೆಲವರಿಗೆ ಬಿಟ್ಟರೆ ಕೆಲಸದ ವೀಸಾದಲ್ಲಿದ್ದವರಿಗೆ ಅಲ್ಲಿಂದ ಬರಬಹುದಿತ್ತು, ಹಿಂದಿರುಗುವಂತಿರಲಿಲ್ಲ. ಆ ಬಾಗಿಲು ಪೂರ್ತಿ ತೆರೆದದ್ದು ನವೆಂಬರ್‌ನಲ್ಲಿ. ಮಗಳು ಫೋನಿನ ಪರದೆಯಲ್ಲಿ ಅಜ್ಜಿಯ ಮುಖ ನೋಡಿದಳು. ಮಣ್ಣಿಗೆ ಬರಲಾಗಲಿಲ್ಲ, ತಿಥಿಗೂ ಬರಲಾಗಲಿಲ್ಲ. ಆ ದಿನ ಬೆಂಗಳೂರಿಗೂ ಅಮೆರಿಕಕ್ಕೂ ಎಷ್ಟು ದೂರ? ಪುಸ್ತಕದಲ್ಲಿ 13,993ಯೇ ಇತ್ತು.

ಇನ್ನು ದಾರಿಯ ಮಾತು. ವಿಮಾನದ ಲೆಕ್ಕ ಕೊಡುವವರು ಎರಡು ನಿಲ್ದಾಣಗಳ ನಡುವಿನ ದೂರ ಹೇಳುತ್ತಾರೆ. ನಿಲ್ದಾಣದಲ್ಲಿ ಯಾರೂ ಸಂಸಾರ ಮಾಡುವುದಿಲ್ಲ. 2023ರಲ್ಲಿ ಮಗಳ ಬಾಣಂತನಕ್ಕೆಂದು ನಾನು ಹೋದೆ. ನೇರ ವಿಮಾನದ ಟಿಕೆಟ್ ದರ ನಮಗೆ ಎಟುಕಲಿಲ್ಲ. ಕೊಲ್ಲಿಯ ದೇಶವೊಂದರಲ್ಲಿ ಇಳಿದು ಹತ್ತುವ ದಾರಿ ಹಿಡಿದೆ. ಹಾಗೆ ಹೋದರೆ ಆಕಾಶದ ದಾರಿಯೇ 15,500 ಕಿಲೋಮೀಟರ್ ದಾಟುತ್ತದೆ. ಮದ್ದೂರಿನ ನಮ್ಮ ಮನೆಯಿಂದ ಮಧ್ಯಾಹ್ನ ಒಂದಕ್ಕೆ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ಆಮೇಲೆ ಆ ಇನ್ನೊಂದು ಮದ್ದೂರನ್ನು ಕಿಟಕಿಯಲ್ಲೇ ನೋಡಿಕೊಂಡು ಬೆಂಗಳೂರು. ಬೆಂಗಳೂರು ದಾಟಿ ದೇವನಹಳ್ಳಿ ಮುಟ್ಟುವಾಗ ರಾತ್ರಿ ಒಂಬತ್ತಾಗಿತ್ತು. ಬೆಳಗಿನ ಜಾವದ ವಿಮಾನ. ಅಲ್ಲಿಂದ ನಾಲ್ಕು ಗಂಟೆ, ಕಾಯುವುದು ಐದು ಗಂಟೆ, ಮತ್ತೆ ಹದಿನಾರು ಗಂಟೆ, ಆ ಕಡೆ ಬೆರಳಚ್ಚು, ಸಾಲು, ಸಾಮಾನು, ಕಾರು. ಮಗಳ ಮನೆಯ ಬಾಗಿಲು ತಟ್ಟಿದಾಗ ನಮ್ಮ ಮನೆಯ ಬಾಗಿಲು ಹಾಕಿ ನಲವತ್ತೆರಡು ಗಂಟೆಯಾಗಿತ್ತು. ವೀಸಾದ ಸಂದರ್ಶನಕ್ಕೆಂದು ಅದಕ್ಕೂ ಮೊದಲು ಚೆನ್ನೈಗೆ ಹೋಗಿ ಬಂದ ದಾರಿಯನ್ನು ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದೇ 2025ರ ಜನವರಿಯಲ್ಲಿ.

ಎರಡನೆಯ ವಿಮಾನದಲ್ಲಿ ನನ್ನ ಪಕ್ಕ ಕೂತಿದ್ದವರು ಅರಸೀಕೆರೆ ಕಡೆಯ ಒಬ್ಬ ಹೆಂಗಸು. ಎಪ್ಪತ್ತರ ಆಸುಪಾಸು. ಕುತ್ತಿಗೆಗೆ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಪಾಸ್‌ಪೋರ್ಟು, ಜೊತೆಗೆ ಮಗ ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿ: ನಮ್ಮ ತಾಯಿಗೆ ಇಂಗ್ಲಿಷ್ ಬರುವುದಿಲ್ಲ, ದಯವಿಟ್ಟು ಸಹಾಯ ಮಾಡಿ ಎಂದು. ಅವರಿಗೆ ಕಾಲು ಚೆನ್ನಾಗಿಯೇ ಇತ್ತು, ಊರಿನಲ್ಲಿ ದಿನಾ ತೋಟಕ್ಕೆ ನಡೆದು ಹೋಗುವವರು. ಆದರೂ ಗಾಲಿಕುರ್ಚಿ ಹೇಳಿಸಿದ್ದರು. ಯಾಕೆಂದರೆ ಗಾಲಿಕುರ್ಚಿ ತಳ್ಳುವವನಿಗೆ ದಾರಿ ಗೊತ್ತಿರುತ್ತದೆ. ನಡೆಯಬಲ್ಲ ಹೆಂಗಸು ದಾರಿ ತಪ್ಪುವ ಭಯಕ್ಕೆ ಕುಂಟಿಯಂತೆ ಕೂರಬೇಕು. ಹದಿನಾರು ಗಂಟೆಯಲ್ಲಿ ಅವರು ಎರಡು ಲೋಟ ನೀರು ಕುಡಿದಿರಲಿಲ್ಲ. ‘ಯಾಕಮ್ಮ?’ ಎಂದು ಕೇಳಿದೆ. ‘ಆ ಬಾಗ್ಲು ಹೆಂಗೆ ತೆಗೀಬೇಕೋ ಗೊತ್ತಾಗಲ್ಲ ಕಣವ್ವ, ಸಿಕ್ಕಾಕ್ಕೊಂಡ್ರೆ?’ ಎಂದರು. ನಾನು ಕರೆದುಕೊಂಡು ಹೋಗಿ ಬಾಗಿಲು ತೆಗೆಯುವುದನ್ನು ತೋರಿಸಿದೆ. ಅವರು ನೀರು ಕುಡಿದದ್ದು ಆಮೇಲೆ. ಅಷ್ಟು ಹೊತ್ತು ನೀರಿಲ್ಲದೆ, ಅಲುಗಾಡದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ ಎಂದು ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಮಗ ಚೀಟಿ ಬರೆದುಕೊಟ್ಟಿದ್ದ, ಇದನ್ನು ಹೇಳಿಕೊಟ್ಟಿರಲಿಲ್ಲ. ಅವನಿಗೂ ದೂರ ಎಂದರೆ ಒಂದು ನಿದ್ದೆ ತಾನೆ.

2021ರ ಆ ಮೊದಲ ವಿಮಾನ ನಡೆಸಿದವರು ನಾಲ್ವರು ಹೆಂಗಸರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು. ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್ ಜೊತೆಗಾರ್ತಿಯರು. ಪತ್ರಿಕೆಯಲ್ಲಿ ಬಂದ ಅವರ ಫೋಟೋ ಕತ್ತರಿಸಿ ನಾನೇ ನಮ್ಮ ತರಗತಿಯ ಗೋಡೆಗೆ ಅಂಟಿಸಿದೆ. ನಮ್ಮ ಹೆಣ್ಣುಮಕ್ಕಳು ಅದನ್ನು ನೋಡಿಕೊಂಡು ಬೆಳೆಯಲಿ. ಆದರೆ ನನ್ನ ಪ್ರಶ್ನೆ ಇದು: ವಿಮಾನದ ಮೂತಿಯಲ್ಲಿ ಕೂತ ಹೆಂಗಸಿನ ಮೇಲೆ ಪುಟಗಟ್ಟಲೆ ಬರೆಯುವ ನಾವು, ಅದೇ ವಿಮಾನದ ಬಾಲದಲ್ಲಿ ಬಾಯಾರಿಕೊಂಡು ಕೂತ ಹೆಂಗಸಿನ ಮೇಲೆ ಎಷ್ಟು ಬರೆದಿದ್ದೇವೆ? ಮುಂದೆ ಕೂತವಳು ದೂರವನ್ನು ಗೆದ್ದಳು ಎನ್ನುತ್ತೇವೆ. ಹಿಂದೆ ಕೂತವಳು ಅದೇ ದೂರವನ್ನು ಸಹಿಸಿಕೊಂಡಳು. ಒಬ್ಬಳಿಗೆ ತರಬೇತಿ, ಸಂಬಳ, ಚಪ್ಪಾಳೆ. ಇನ್ನೊಬ್ಬಳಿಗೆ ಚೀಟಿ.

ಆ ಚೀಟಿಯ ಹಿಂದೆ ಇರುವುದೇನೆಂದು ನಮಗೆಲ್ಲ ಗೊತ್ತು, ಬಾಯಿಬಿಟ್ಟು ಹೇಳುವುದಿಲ್ಲ. ‘ಬಂದು ನೋಡಿಕೊಂಡು ಹೋಗಮ್ಮ’ ಎಂದು ಕರೆಯುತ್ತಾರೆ. ನೋಡುವುದು ನಾಲ್ಕು ದಿನ, ಉಳಿದ ಆರು ತಿಂಗಳು ಮಗು. ಆರು ತಿಂಗಳು ಮುಗಿಯುವ ಹೊತ್ತಿಗೆ ಬೀಗಿತ್ತಿ ಬಂದಿಳಿಯುತ್ತಾಳೆ. ಒಬ್ಬಳು ಇಳಿಯುವುದಕ್ಕೂ ಇನ್ನೊಬ್ಬಳು ಹತ್ತುವುದಕ್ಕೂ ಸರಿಯಾಗುವಂತೆ ಮಕ್ಕಳು ಲೆಕ್ಕ ಹಾಕಿರುತ್ತಾರೆ. ‘ನಿಮ್ಮತ್ತೆ ನಿನ್ನ ಮಗಳನ್ನು ಸಾಕಲಿಲ್ಲವೆ? ಈಗ ನಿನ್ನ ಸರದಿ’ ಎಂದು ನನಗೆ ಹೇಳಿದವರಿದ್ದಾರೆ. ಸಾಕಿದರು, ಇಲ್ಲವೆನ್ನುವುದಿಲ್ಲ. ಆದರೆ ಅವರು ಸಾಕಿದ್ದು ತಮ್ಮ ಹಟ್ಟಿಯ ಬಾಗಿಲಿನಲ್ಲಿ. ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬೀದಿಗೆ ಬಂದರೆ ಹತ್ತು ಕೈ ಚಾಚುತ್ತಿದ್ದವು. ಬೇಸರವಾದರೆ ತಂಗಿಯ ಮನೆ ಎರಡು ಬೀದಿಯಾಚೆ. ನನ್ನ ಮೇಲೆ ಸಿಟ್ಟು ಬಂದರೆ ಮಗುವನ್ನು ನನ್ನ ಮಡಿಲಿಗೆ ಹಾಕಿ ಎದ್ದುಹೋಗುವ ಸ್ವಾತಂತ್ರ್ಯ ಅವರಿಗಿತ್ತು, ಹೋಗುತ್ತಲೂ ಇದ್ದರು. ಅಲ್ಲಿ ಎಲ್ಲಿಗೆ ಎದ್ದುಹೋಗುವುದು? ಕಾರು ಓಡಿಸಲು ಬಾರದ ಹೆಂಗಸಿಗೆ ಆ ಊರಿನ ಬೀದಿಯೂ ದೂರವೇ. ನಾವು ಬೆಳಿಗ್ಗೆ ಒಂಬತ್ತೂವರೆಗೆ ಶಾಲೆಯ ಪ್ರಾರ್ಥನೆಗೆ ನಿಂತಾಗ ಚಳಿಗಾಲದಲ್ಲಿ ಅಲ್ಲಿ ಹಿಂದಿನ ದಿನದ ರಾತ್ರಿ ಎಂಟು ಗಂಟೆ. ಮನಸ್ಸು ಭಾರವಾದ ಹೊತ್ತಿಗೆ ತಂಗಿಗೆ ಫೋನ್ ಮಾಡೋಣವೆಂದರೆ ಅವಳು ನಿದ್ದೆಯಲ್ಲಿರುತ್ತಾಳೆ.

ನನ್ನ ಮಗಳು ನನ್ನನ್ನು ಚೆನ್ನಾಗಿಯೇ ನೋಡಿಕೊಂಡಳು. ಅದನ್ನೂ ಹೇಳಬೇಕು. ಮೊಮ್ಮಗಳನ್ನು ಮೊದಲ ಸಲ ಕೈಗೆತ್ತಿಕೊಂಡಾಗ ನಲವತ್ತೆರಡು ಗಂಟೆಯೂ ಮರೆತುಹೋಗಿತ್ತು. ನನ್ನ ತಕರಾರು ಮಕ್ಕಳ ಪ್ರೀತಿಯ ಮೇಲಲ್ಲ, ವಿಮಾನದ ಮೇಲೂ ಅಲ್ಲ. ‘ಹಿಂದೆ ಹಡಗಿನಲ್ಲಿ ವಾರಗಟ್ಟಲೆ ಹೋಗುತ್ತಿದ್ದರಲ್ಲ, ಅದಕ್ಕಿಂತ ವಾಸಿಯಲ್ಲವೆ?’ ಎಂದು ನನ್ನ ಸಹೋದ್ಯೋಗಿ ಮೇಷ್ಟ್ರೊಬ್ಬರು ಕೇಳಿದರು. ವಾಸಿಯೇ. ಆದರೆ ಹಡಗು ಹತ್ತಿದವನನ್ನು ಕಳಿಸಿಕೊಡುವಾಗ ಅವನು ದೂರ ಹೋಗುತ್ತಿದ್ದಾನೆ ಎಂದು ಎಲ್ಲರೂ ಒಪ್ಪಿಕೊಳ್ಳುತ್ತಿದ್ದರು. ತಾಯಿ ಅತ್ತರೆ ಅಳುವುದಕ್ಕೆ ಅರ್ಥವಿತ್ತು. ಮನೆಯಲ್ಲಿ ಉಳಿದವರಿಗೆ ಯಾರು ಆಸರೆ, ಜಮೀನು ಯಾರು ನೋಡಿಕೊಳ್ಳಬೇಕು, ಏನಾದರೂ ಆದರೆ ಯಾರು ಮುಂದೆ ನಿಲ್ಲಬೇಕು ಎಂದು ಹಿರಿಯರು ಕೂತು ಮಾತಾಡುತ್ತಿದ್ದರು. ಈಗ ‘ದೂರವೇ ಇಲ್ಲ’ ಎಂದುಬಿಟ್ಟ ಮೇಲೆ ಆ ಮಾತುಕತೆಯೂ ಇಲ್ಲ. ಅತ್ತರೆ, ‘ಯಾಕಮ್ಮ ಅಳ್ತೀಯ, ವಿಡಿಯೋದಲ್ಲಿ ದಿನಾ ನೋಡ್ತೀಯಲ್ಲ?’ ಈ ಸುಳ್ಳು ಮಾಡುವ ಅನ್ಯಾಯ ಇದು: ದೂರವನ್ನು ಅದು ಒಂದು ಗೇಣೂ ಕಡಿಮೆ ಮಾಡುವುದಿಲ್ಲ, ದೂರವಿದೆ ಎಂದು ಹೇಳುವ ಹಕ್ಕನ್ನು ಮಾತ್ರ ತಾಯಂದಿರಿಂದ ಕಿತ್ತುಕೊಳ್ಳುತ್ತದೆ.

ಆದ್ದರಿಂದ ನನ್ನಂಥ ಹೆಂಗಸರಿಗೆ ನಾಲ್ಕು ಮಾತು ಹೇಳುತ್ತೇನೆ. ಮೊದಲನೆಯದು, ಮಗನೋ ಮಗಳೋ ದೂರದ ಕೆಲಸ ಹಿಡಿದಾಗ ಗಂಟೆಯ ಲೆಕ್ಕ ಕೇಳಿ, ಅದೂ ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ. ನಾನು ಸತ್ತೆನೆಂದು ಸುದ್ದಿ ಬಂದರೆ ಎಷ್ಟು ಹೊತ್ತಿಗೆ ಬರಬಲ್ಲೆ ಎಂದೂ ಕೇಳಿ. ಅಪಶಕುನವೆಂದು ಬಾಯಿ ಮುಚ್ಚಿಸಿದರೆ ಮುಚ್ಚಿಕೊಳ್ಳಬೇಡಿ. ಬರಲಾಗುವುದಿಲ್ಲ ಎಂಬ ಉತ್ತರ ಬಂದರೂ ಸರಿ, ಅದು ಈಗಲೇ ತಿಳಿದಿರಲಿ, ಹೆಣದ ಮುಂದೆ ತಿಳಿಯುವುದು ಬೇಡ. ಎರಡನೆಯದು, ಹೋಗುವುದಾದರೆ ನಿಮ್ಮ ಮಾತಿನ ಮೇಲೆ ಹೋಗಿ. ಎಷ್ಟು ದಿನ, ಯಾವ ಕೆಲಸಕ್ಕೆ, ಕಾಯಿಲೆ ಬಿದ್ದರೆ ಯಾವ ವಿಮೆ, ಬೇಡವೆನಿಸಿದರೆ ಹಿಂದಿರುಗುವ ಟಿಕೆಟ್ ಯಾರ ಕೈಯಲ್ಲಿ, ಇಷ್ಟನ್ನೂ ಹೊರಡುವ ಮುಂಚೆ ಕೇಳಿ ತಿಳಿದುಕೊಳ್ಳಿ. ಸಂಕೋಚ ಪಡಬೇಡಿ, ಅವರು ತಮ್ಮ ಕೆಲಸಕ್ಕೆ ಸೇರುವಾಗ ಇದಕ್ಕಿಂತ ಹೆಚ್ಚು ಕೇಳಿಯೇ ಸೇರಿರುತ್ತಾರೆ. ಮೂರನೆಯದು, ಚೀಟಿ ಬರೆಸಿಕೊಳ್ಳುವುದರ ಜೊತೆಗೆ ಕಲಿತುಕೊಳ್ಳಿ. ಶೌಚಾಲಯದ ಬಾಗಿಲು, ಸೀಟಿನ ಪಟ್ಟಿ, ಗೇಟಿನ ಅಂಕಿ ಓದುವುದು, ಔಷಧವನ್ನು ಕೈಚೀಲದಲ್ಲೇ ಇಟ್ಟುಕೊಳ್ಳುವುದು, ನೀರು ಕೇಳುವುದು, ಎರಡು ಗಂಟೆಗೊಮ್ಮೆ ಎದ್ದು ನಡೆಯುವುದು. ಆನೆ ಬಂದರೆ ತಮಟೆ ಬಡಿಯುವುದನ್ನು ಕಲಿತ ಹೆಂಗಸರಿಗೆ ಇದೇನು ಮಹಾ!

ನಾಲ್ಕನೆಯದು ನಮ್ಮ ಮೇಷ್ಟ್ರು ಮೇಡಂಗಳಿಗೆ. ಗೋಡೆಯ ಭೂಪಟ ಸಾಕು ಮಾಡಿ, ಗೋಳವನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ದಾರ ಕೊಡಿ, ಎಳೆಯಲು ಬಿಡಿ. ಆಮೇಲೆ ಮಕ್ಕಳನ್ನು ಒಂದು ಮಾತು ಕೇಳಿ, ಈ ದಾರದ ಆ ತುದಿಯಲ್ಲಿ ನೀವಿದ್ದರೆ ಈ ತುದಿಯಲ್ಲಿ ಯಾರಿರುತ್ತಾರೆ ಎಂದು. ನಾನು ಕಳೆದ ವರ್ಷ ಕೇಳಿದೆ. ಏಳನೇ ತರಗತಿಯ ಹುಡುಗಿಯೊಬ್ಬಳು, ‘ನಮ್ಮವ್ವ ಇರ್ತಳೆ ಮಿಸ್. ಆದ್ರೆ ದಾರ ಹಿಡ್ಕಂಡು ಎಷ್ಟೊತ್ತು ನಿಂತಿರಾಳು, ಕೈ ನೋಯಲ್ವ?’ ಎಂದಳು. ಎರಡು ನಿಲ್ದಾಣಗಳ ನಡುವಿನ ದೂರದ ಬಗ್ಗೆ ಇದಕ್ಕಿಂತ ಸರಿಯಾದ ಉತ್ತರವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಅವಳಿಗೆ ಪೂರ್ತಿ ಅಂಕ ಕೊಟ್ಟೆ.